ಕಡ್ಡಿ, ಡಬ್ಬಿ, ಗುಂಟೂರು

ತುಂಬಾ ದಿನ ಆಯ್ತು ಏನಾದ್ರೂ ಬರೆದು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಮೊನ್ನೆ ರಾಣೆಬೆನ್ನೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಲಿನಕ್ಸ್ ಸರ್ಟಿಫಿಕೇಶನ್ ಮಾಡ್ಬೇಕಂತ ಮಾಡೇನಿ. ಮನ್ಯಾಗ ಲ್ಯಾಬ್ ಮಾಡ್ಕೋಬೇಕಂದ್ರ ಎಷ್ಟ ಖರ್ಚ ಬರ್ತೈತಿ?" ಅಂದ. ನಾನು ದೊಡ್ಡ ಮನುಷ್ಯನ ಹಾಗೆ, "ಹದಿನಾರು ಜಿಬಿ ರ್‍ಯಾಮ್ ಇರೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದಿದ್ರೆ ಸಾಕು, ಅದರೊಳಗೇ ನಾಲ್ಕೈದು ವರ್ಚುವಲ್ ಮಶೀನ್ ಓಡಿಸಬಹುದು" ಅಂದೆ. ಸರಿ ಮಾಮಾ ಅಂದು ಫೋನ್ ಇಟ್ಟ. ಎರಡೇ ನಿಮಿಷ! ನನ್ನ ಎರಡು ವರ್ಷದ ಪಾಡು ಎರಡು ನಿಮಿಷದಲ್ಲಿ ಮುಗಿದುಹೋಯ್ತು. ಅದಕ್ಕೇ ಹೊಟ್ಟೆಕಿಚ್ಚಿಗೆ ಇದನ್ನು ಬರೀತಾ ಇದ್ದೀನಿ :-)

2008ರ ಮಾತು. ಆಗ ನಾನು ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆಯೋ ಕೆಲಸದಲ್ಲಿದ್ದೆ. ಸಂಬಳ ತಿಂಗಳಿಗೆ ಎರಡೂವರೆ ಸಾವಿರ. ಅಪ್ಪ ಅದೇ ಅಂಗಡಿಯ ಗುಮಾಸ್ತರು. ಅವರು ಕಿರ್ದಿ ಪುಸ್ತಕದಲ್ಲಿ ಬರೆದದ್ದನ್ನೇ ನಾನು ಕಂಪ್ಯೂಟರಿಗೆ ಹಾಕೋದು. ಸೋಮವಾರ, ಗುರುವಾರ ಪೇಟೆಯ ದಿನ. ಜನವರಿಯಿಂದ ಏಪ್ರಿಲ್ ಮುಗಿಯೋವರೆಗೂ ಆ ಎರಡು ದಿನ ಉಸಿರಾಡೋಕೂ ಪುರಸೊತ್ತಿರಲ್ಲ. ಎಲ್ಲಿ ನೋಡಿದ್ರೂ ಕೆಂಪು ಚೀಲ, ಗಾಡಿ, ಹಮಾಲರ ಕೂಗು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಅಂತ ನಿಮಗೆಲ್ಲ ಗೊತ್ತು (2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು). ಖಾರ ಕಡಿಮೆ ಇರಬಹುದು, ಆದ್ರೆ ಘಾಟು ಕಡಿಮೆ ಅಂತ ಯಾರೂ ತಿಳ್ಕೋಬೇಡಿ. ಈ ಘಾಟಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಕಂಪ್ಯೂಟರಿನ ಡಿಪ್ಲೊಮಾ ಮಾಡಿದ್ದೆ. ಬೆಂಗಳೂರಲ್ಲಿದ್ದ ಗೆಳೆಯರೆಲ್ಲ ಆರ್‌ಎಚ್‌ಸಿಇ ಮಾಡು, ಆರ್‌ಎಚ್‌ಸಿಇ ಮಾಡು ಅಂತಿದ್ರು. ರೆಡ್‌ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆ ಅದು. ಬೇರೆ ಎಷ್ಟೋ ಸರ್ಟಿಫಿಕೇಟ್ ಪರೀಕ್ಷೆಗಳು ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕೋವು. ಅವುಗಳ ಪ್ರಶ್ನೆ-ಉತ್ತರವನ್ನು 'ಡಂಪ್' ಅಂತ ತಂದು ಬಾಯಿಪಾಠ ಮಾಡಿ ಪಾಸಾದವರನ್ನ ನಾನೇ ನೋಡಿದ್ದೀನಿ. ಇದರಲ್ಲಿ ಆ ಆಟ ನಡೆಯಲ್ಲ. ನಿಜವಾದ ಕಂಪ್ಯೂಟರ್ ಮುಂದೆ ಕೂರಿಸಿ, ಮಾಡಿ ತೋರಿಸು ಅಂತಾರೆ. ಇಂಟರ್‌ನೆಟ್ ಇಲ್ಲ, ಕಂಪ್ಯೂಟರಿನೊಳಗೇ ಇರೋ ಮ್ಯಾನ್ ಪುಟಗಳಷ್ಟೇ ಗತಿ. ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ನಿಂತಿರಬೇಕು, ಇಲ್ಲದಿದ್ರೆ ಮಾಡಿಯೂ ಮಾಡದ ಹಾಗೆ.

ಬೆಂಗಳೂರಲ್ಲಿ ತಿಂಗಳುಗಟ್ಟಲೆ ಇದ್ದು ಕಲಿಯೋ ಹಣ ನಮ್ಮ ಹತ್ತಿರ ಇರಲಿಲ್ಲ. ಅವ್ವ ತನ್ನ ಬೋರಮಾಳ ಸರ ತೆಗೆದು, "ಇದನ್ನ ಅಡಾ ಇಡ್ರಿ, ಹುಡುಗ ಹೋಗಿ ಕಲೀಲಿ" ಅಂದಳು. ಅಪ್ಪ ಮಾತಾಡಲಿಲ್ಲ. ಅವರು ಮಾತಾಡಲಿಲ್ಲ ಅಂದ್ರೆ ಬೇಡ ಅಂತಲೇ ಅರ್ಥ. ನನಗೂ ಅವ್ವನ ಕೊರಳು ಬರಿದು ಮಾಡೋಕೆ ಮನಸ್ಸಾಗಲಿಲ್ಲ. ಮನೆಯಲ್ಲೇ ಮೂರ್‍ನಾಲ್ಕು ಹಳೇ ಕಂಪ್ಯೂಟರ್ ಇಟ್ಟು ಕಲೀತೀನಿ ಅಂದೆ. ಆಗ ಅಪ್ಪ ಬಾಯಿಬಿಟ್ಟರು. "ಮನ್ಯಾಗ ಗುಜರಿ ಅಂಗಡಿ ಇಡಾಂವೇನಪಾ?"

ಹಾಗೇ ಆಯ್ತು ಅನ್ನಿ.

ರಾಣೆಬೆನ್ನೂರಲ್ಲಿ ಒಂದು ಸೈಬರ್ ಸೆಂಟರ್ ಮುಚ್ಚೋದ್ರಲ್ಲಿತ್ತು. ಅಲ್ಲಿಂದ ಪೆಂಟಿಯಂ ತ್ರೀ ಎರಡು, ಮಾನಿಟರ್ ಇಲ್ಲದೆ, ಮೂರು ಸಾವಿರಕ್ಕೆ ಬಂದವು. ಪ್ಯಾಸೆಂಜರ್ ರೈಲಲ್ಲಿ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ಹಳಿಯ ಮೇಲಿವೆ, ಬಡವರ ಪುಣ್ಯ. ಎದುರಿಗೆ ಕೂತ ಅಜ್ಜ, "ಕಾಯಿ ಏನ್ ರೇಟಿಗೆ ಹೋದ್ವು ತಮ್ಮಾ?" ಅಂತ ಕೇಳಿದ. ಬ್ಯಾಡಗಿ ಕಡೆ ಹೋಗೋ ಚೀಲದಲ್ಲಿ ಬೇರೆ ಏನಿರುತ್ತೆ ಹೇಳಿ!

ಇನ್ನೊಂದು ಬಂದದ್ದು ಹಾವೇರಿಯಿಂದ. ಒಂದು ಆಫೀಸಿನವರು ಹಳೇ ಕಂಪ್ಯೂಟರುಗಳನ್ನು ಹರಾಜು ಹಾಕಿದ್ದರು. ಹರಾಜಲ್ಲಿ ಬಿಡಿಯಾಗಿ ಕೊಡಲ್ಲ, ಇಡೀ ರಾಶಿಯನ್ನೇ ಎತ್ತಬೇಕು. ಎತ್ತಿದ ಗುಜರಿಯವನ ಹತ್ತಿರ ಚೌಕಾಶಿ ಮಾಡಿ ಪೆಂಟಿಯಂ ಫೋರ್ ಒಂದನ್ನು ಎರಡು ಸಾವಿರದ ಇನ್ನೂರಕ್ಕೆ ಮಾತಾಡಿ ಬಂದೆ. ಅದನ್ನ ತರೋಕೆ ಹೋಗಬೇಕು ಅಂದುಕೊಂಡಿದ್ದ ದಿನ 2008ರ ಜೂನ್ 10. ಅವತ್ತು ಹಾವೇರಿಯಲ್ಲಿ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯ್ತು, ಜೀವ ಹೋಯ್ತು. ನಮ್ಮ ಅಂಗಡಿಗೆ ಬರೋ ರೈತರ ಮುಖಗಳೇ ಕಣ್ಣ ಮುಂದೆ ಬರ್ತಿದ್ದವು. ಕಂಪ್ಯೂಟರ್ ತಂದದ್ದು ವಾರದ ಮೇಲೆ.

ನಾಲ್ಕನೆಯದು ನಮ್ಮ ಅಂಗಡಿಯದೇ. ಸಾವ್ಕಾರ್ರು ಹೊಸದು ತಗೊಂಡಾಗ ಹಳೆಯದನ್ನ "ಒಯ್ಯೋ ತಮ್ಮಾ" ಅಂತ ಪುಕ್ಕಟೆ ಕೊಟ್ಟರು. ಘಾಟಿನ ವಿಷಯ ಹೇಳ್ತೀನಿ ಅಂದಿದ್ದೆನಲ್ಲ, ಇಲ್ಲೇ ಅದು. ಆರು ವರ್ಷ ಮೆಣಸಿನಕಾಯಿ ಅಂಗಡಿಯಲ್ಲಿ ಫ್ಯಾನ್ ತಿರುಗಿಸಿದ ಕಂಪ್ಯೂಟರ್ ಅದು. ಮನೆಯ ಪಡಸಾಲೆಯಲ್ಲಿ ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಎಲ್ಲ ಕೆಂಪು! ಹೀಟ್‌ಸಿಂಕಿನ ಹಲ್ಲುಗಳ ನಡುವೆ ಒಗ್ಗರಣೆಗೆ ಆಗೋಷ್ಟು ಪುಡಿ. ಬುದ್ಧಿ ಇದ್ದವರು ಅಂಗಳಕ್ಕೆ ಒಯ್ದು ಒರೆಸ್ತಿದ್ರು. ನಾನು ಸೈಕಲ್ ಪಂಪು ತಂದು ಅಲ್ಲೇ ಗಾಳಿ ಹೊಡೆದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವ್ವ ಸೀನಿದಳು, ಅಕ್ಕ ಸೀನಿದಳು, ಪಕ್ಕದ ಮನೆ ಅಜ್ಜಿ ಸೀನಿದಳು, ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿಹೋಯ್ತು. ಮೂವತ್ತು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ಕಳೆದ ಅಪ್ಪ ಮಾತ್ರ ಆರಾಮಾಗಿ ಕೂತು ಪೇಪರ್ ಓದ್ತಿದ್ದರು.

ಅದರಿಂದಲೇ ಹೆಸರು ಹೊಳೆದದ್ದು. ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ಹೆಸರಿಡಬೇಕಲ್ಲ. ನಮ್ಮ ಮೆಣಸಿನಕಾಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಜಾತಿ. ಸೈಬರ್ ಸೆಂಟರಿನ ತೆಳ್ಳನೆಯ ಕ್ಯಾಬಿನೆಟ್ 'ಕಡ್ಡಿ', ಅಂಗಡಿಯ ದಪ್ಪನೆಯದು 'ಡಬ್ಬಿ'. ಹಾವೇರಿಯ ಪೆಂಟಿಯಂ ಫೋರ್ ಅರ್ಧ ಗಂಟೆಗೆಲ್ಲ ಕಾದ ಹಂಚು ಆಗ್ತಿತ್ತು, ಅದಕ್ಕೆ 'ಗುಂಟೂರು'. ಸೈಬರಿನ ಇನ್ನೊಂದಕ್ಕೆ ಜೀವ ಇರಲಿಲ್ಲ, ಅದು ಬಿಡಿಭಾಗಗಳ ದಾನಿ.

ಈಗ ಅಸಲು ಕಷ್ಟ. ರೆಡ್‌ಹ್ಯಾಟ್ ಲಿನಕ್ಸಿಗೆ ಚಂದಾ ಕಟ್ಟಬೇಕು. ಆದ್ರೆ ಅವರು ಬಿಡುಗಡೆ ಮಾಡೋ ಸೋರ್ಸ್ ಕೋಡಿನಿಂದಲೇ ಕಟ್ಟಿದ ಸೆಂಟ್‌ಒಎಸ್ ಅಂತ ಒಂದಿತ್ತು, ಪುಕ್ಕಟೆ. ಬೆಂಗಳೂರಿನ ಗೆಳೆಯ ಸೆಂಟ್‌ಒಎಸ್ 5ರ ಡಿವಿಡಿ ಕೊರಿಯರ್ ಮಾಡಿದ. ನನ್ನ ಯಾವ ಕಂಪ್ಯೂಟರಿಗೂ ಡಿವಿಡಿ ಡ್ರೈವ್ ಇಲ್ಲ! ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ಅಂಗಡಿಗೆ 40 ಜಿಬಿ ಹಾರ್ಡ್‌ಡಿಸ್ಕ್ ಹೊತ್ತುಕೊಂಡು ಹೋಗಿ, ಡಿವಿಡಿಯನ್ನು ಒಂದೇ ಐಎಸ್‌ಒ ಫೈಲ್ ಮಾಡಿ ಅದರೊಳಗೆ ಹಾಕಿಸಿಕೊಂಡು, ಬೂಟ್ ಆಗೋಕೆ ಒಂದು ಚಿಕ್ಕ ಸಿಡಿ ಸುಡಿಸಿಕೊಂಡು ಬಂದೆ. ಸಿಡಿಯಿಂದ ಬೂಟ್, ಹಾರ್ಡ್‌ಡಿಸ್ಕಿನಿಂದ ಇನ್‌ಸ್ಟಾಲ್. 128 ಎಂಬಿ ರ್‍ಯಾಮಿಗೆ ಅದು ಏಳಲೇ ಇಲ್ಲ. ದಾನಿಯ ರ್‍ಯಾಮ್ ಕಿತ್ತು ಹಾಕಿ 256 ಮಾಡಿದ ಮೇಲೆ, ಚಿತ್ರ-ಗಿತ್ರ ಇಲ್ಲದೆ ಬರೀ ಅಕ್ಷರದ ಪರದೆಯಲ್ಲಿ, ಕಡ್ಡಿ ಎದ್ದು ಕೂತಿತು.

ಒಂದು ಎದ್ದಿತಲ್ಲ, ಉಳಿದೆರಡಕ್ಕೆ ಅದೇ ಉಣಿಸಬೇಕು. ಕಡ್ಡಿಯಲ್ಲಿ ಆ ಫೈಲನ್ನು ಬಿಚ್ಚಿಟ್ಟು, ಎನ್‌ಎಫ್‌ಎಸ್ ಮೂಲಕ ಹಂಚಿ, ಡಬ್ಬಿಗೂ ಗುಂಟೂರಿಗೂ ವೈರಿನ ಮೇಲೆ ಇನ್‌ಸ್ಟಾಲ್ ಮಾಡಿದೆ. ಆಮೇಲೆ ಕಿಕ್‌ಸ್ಟಾರ್ಟ್ ಫೈಲ್ ಬರೆದು, ನಾನು ಊಟ ಮುಗಿಸಿ ಬರೋದ್ರೊಳಗೆ ತಾನೇ ಇನ್‌ಸ್ಟಾಲ್ ಆಗೋ ಹಾಗೆ ಮಾಡಿದೆ. ಇವೆಲ್ಲ ಪಠ್ಯಕ್ರಮದಲ್ಲಿ ಇದ್ದ ವಿಷಯಗಳೇ. ಡಿವಿಡಿ ಡ್ರೈವ್ ಇದ್ದಿದ್ರೆ ನಾನು ಕಲೀತಿದ್ದೆನೋ ಇಲ್ಲವೋ, ಸುಳ್ಳು ಯಾಕೆ ಹೇಳಲಿ.

ಮಾನಿಟರ್ ಒಂದೇ, ಹದಿನೈದು ಇಂಚಿನದು. ಒಂದು ಸಲ ಎಸ್‌ಎಸ್‌ಎಚ್ ಹೊಂದಿಸಿಕೊಂಡರೆ ಕಡ್ಡಿಯ ಮುಂದೆ ಕೂತೇ ಉಳಿದೆರಡನ್ನೂ ಆಳಬಹುದು. ಕೆಟ್ಟಾಗ ಮಾತ್ರ ಮಾನಿಟರಿನ ವೈರ್ ಕಿತ್ತು ಅದಕ್ಕೆ ಹಾಕಬೇಕು. ಕೆಡದೇ ಇರೋ ದಿನವೇ ಕಡಿಮೆ ಬಿಡಿ. ಡಬ್ಬಿಯ ಬೋರ್ಡಿನ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ಹಳೇ ಕಾಲಕ್ಕೆ ಜಾರೋದು. ಬೂಟ್ ಆಗುವಾಗ ಡಿಸ್ಕ್ ಪರೀಕ್ಷಿಸೋ ಪ್ರೋಗ್ರಾಮು, 'ಇದನ್ನು ಕೊನೆಯ ಸಲ ಬಳಸಿದ ಸಮಯ ಭವಿಷ್ಯದಲ್ಲಿದೆ' ಅಂತ ತಕರಾರು ತೆಗೆದು ನಿಂತುಬಿಡೋದು. ಮೂರು ರಾತ್ರಿ ಡಿಸ್ಕೇ ಹೋಯ್ತು ಅಂತ ತಲೆ ಕೆಡಿಸಿಕೊಂಡೆ. ಕೊನೆಗೆ ಗಡಿಯಾರದ ಅಂಗಡಿಯಲ್ಲಿ ಸಿಆರ್2032 ಅನ್ನೋ ಬಿಲ್ಲೆಯಂಥ ಬ್ಯಾಟರಿ ತಂದು ಹಾಕಿದ್ರೆ ಎಲ್ಲ ಸರಿಹೋಯ್ತು. ಗುಂಟೂರಿನ ಕಥೆ ಬೇರೆ. ಅದರ ಬೋರ್ಡಿನ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ನಿಂತಿದ್ದವು. ಆ ಕಾಲದಲ್ಲಿ, ಹೆಚ್ಚು ಕಡಿಮೆ 2007ರವರೆಗೆ, ಜಗತ್ತಿನ ಎಷ್ಟೋ ಮದರ್‌ಬೋರ್ಡುಗಳಿಗೆ ಕೆಟ್ಟ ದ್ರಾವಣದ ಕೆಪಾಸಿಟರ್ ಹಾಕಿ ಕಳಿಸಿದ್ದರು, ಅವು ಒಂದೊಂದಾಗಿ ಹೀಗೇ ಉಬ್ಬಿ ಒಡೆದವು. ಇಂಟರ್‌ನೆಟ್ಟಿನಲ್ಲಿ ಓದಿದ್ರೆ ಬೋರ್ಡ್ ಬಿಸಾಕಿ ಅಂತಿತ್ತು. ನಮ್ಮೂರಿನ ರೇಡಿಯೋ ರಿಪೇರಿ ಚಾಚಾ ಕನ್ನಡಕ ಏರಿಸಿ ನೋಡಿ, ಐದು ಕೆಪಾಸಿಟರ್ ಕಿತ್ತು ಹೊಸದು ಬೆಸುಗೆ ಹಾಕಿ ನಲವತ್ತು ರೂಪಾಯಿ ತಗೊಂಡರು. "ಟೇಪ್‌ರಿಕಾರ್ಡಾಗೂ ಇದ ಇರ್ತೈತಿ, ಅಷ್ಟ ದೊಡ್ಡ ಮಾತೇನಲ್ಲ" ಅಂದರು.

2008ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ. ಶುಲ್ಕ ನನ್ನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಪ್ರಶ್ನೆ ಏನಿತ್ತು ಅಂತ ಹೇಳೋ ಹಾಗಿಲ್ಲ, ಸಹಿ ಹಾಕಿ ಬಂದಿದ್ದೀವಿ. ನನ್ನ ತಪ್ಪು ಹೇಳಬಹುದು. ಎಫ್‌ಎಸ್‌ಟ್ಯಾಬ್ ಫೈಲಿನ ಒಂದು ಸಾಲಿನಲ್ಲಿ ಒಂದು ಅಕ್ಷರ ತಪ್ಪು ಬರೆದಿದ್ದೆ. ಎಲ್ಲ ಮುಗಿಸಿದ ಖುಷಿಯಲ್ಲಿ, ಇನ್ನೇನು ಸಮಯ ಮುಗಿಯುತ್ತೆ ಅನ್ನುವಾಗ ರೀಬೂಟ್ ಮಾಡಿದೆ. ಅದು ಏಳಲಿಲ್ಲ. ಕೈ ನಡುಗ್ತಿತ್ತು, ಮನೆಯಲ್ಲಿ ಇಪ್ಪತ್ತು ಸಲ ಮಾಡಿದ್ದು ಅಲ್ಲಿ ನೆನಪಿಗೆ ಬರಲಿಲ್ಲ. ಫಲಿತಾಂಶ ಕೇಳಬೇಡಿ. ರಾತ್ರಿ ಬಸ್ಸಲ್ಲಿ ಬಂದು ಮೋಟೆಬೆನ್ನೂರಲ್ಲಿ ಬೆಳಗಿನ ಜಾವ ಇಳಿದು, ಅಲ್ಲಿಂದ ಬ್ಯಾಡಗಿಗೆ ನಡೆದೇ ಹೋದೆ. ಟಂಟಂ ಸಿಗ್ತಿತ್ತು, ಆದ್ರೆ ಯಾರ ಜೊತೆಗೂ ಮಾತಾಡೋದು ಬೇಡವಾಗಿತ್ತು. ಅಪ್ಪ ಹಲ್ಲುಜ್ಜುತ್ತಾ ನಿಂತಿದ್ದರು. ಮುಖ ನೋಡಿಯೇ ಗೊತ್ತಾಯ್ತೇನೋ, "ಚಾ ಕುಡಿ ಹೋಗು" ಅಂದರು ಅಷ್ಟೇ.

ಎರಡು ತಿಂಗಳು ಕಂಪ್ಯೂಟರುಗಳ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆ. ನಡೀತಿದ್ದದ್ದು ಒಂದೇ ಕೆಲಸ. ಅಭ್ಯಾಸಕ್ಕೆ ಅಂತ ಅಂಗಡಿಯ ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವಲ್ಲಿ ತಂದು ಕಡ್ಡಿಗೆ ಹಾಕೋ ಚಟ ಇತ್ತು (ಸಾವ್ಕಾರ್ರಿಗೆ ಹೇಳಿಯೇ). ಕಡ್ಡಿಯಲ್ಲಿ ಎರಡು 20 ಜಿಬಿ ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯೋ ಹಾಗೆ ರೇಡ್ ಕಟ್ಟಿದ್ದೆ. ಆನ್ ಮಾಡಿದ ದಿನ ಆರ್‌ಸಿಂಕ್ ಅದನ್ನೇ ಡಬ್ಬಿಗೂ ನಕಲು ಮಾಡ್ತಿತ್ತು. ವಾರಕ್ಕೊಮ್ಮೆ ತರ್ತಿದ್ದೆ, ಸೀಸನ್ ಜೋರಾದ ಮೇಲೆ ಅದೂ ತಪ್ಪಿತು.

2009ರ ಮಾರ್ಚ್ 12, ಗುರುವಾರ. ಹೋಳಿಯ ಬಣ್ಣ ಇನ್ನೂ ಉಗುರಿನಿಂದ ಹೋಗಿರಲಿಲ್ಲ. ಸಂಜೆ ಪೇಟೆ ಮುಗಿದು ರೈತರ ಪಟ್ಟಿ ತೆಗೆಯೋ ಹೊತ್ತಿಗೆ ಅಂಗಡಿಯ ಕಂಪ್ಯೂಟರ್ ನಿಂತುಹೋಯ್ತು. ಹಾರ್ಡ್‌ಡಿಸ್ಕಿನಿಂದ ಕಟಕ್, ಕಟಕ್ ಅನ್ನೋ ಸದ್ದು. ಆ ಸದ್ದು ಕೇಳಿದವರಿಗೆ ಗೊತ್ತು, ಅದು ಮುಗಿದ ಹಾಗೆ. ಅದೂ ಒಂದೂವರೆ ವರ್ಷದ ಹೊಸ ಡಿಸ್ಕು! ಅದರೊಳಗೆ ಇಡೀ ವರ್ಷದ ಲೆಕ್ಕ. ಯಾವ ರೈತ ಎಷ್ಟು ಮುಂಗಡ ತಗೊಂಡಿದ್ದಾನೆ, ಯಾವ ಖರೀದಿದಾರ ಎಷ್ಟು ಬಾಕಿ. ಸಾವ್ಕಾರ್ರು ಸುಮ್ಮನೆ ಖುರ್ಚಿಯ ಮೇಲೆ ಕೂತುಬಿಟ್ಟರು. ಮುಖ ಬಿಳಚಿತ್ತು.

ಮನೆಗೆ ಓಡಿ ಕಡ್ಡಿಯ ಬಟ್ಟೆ ಸರಿಸಿ ನೋಡಿದೆ. ಕೊನೆಯ ನಕಲು ಮಾರ್ಚ್ 1ರದ್ದು. ಹನ್ನೊಂದು ದಿನ ಹಿಂದಿನದು. ಆ ಹನ್ನೊಂದು ದಿನದಲ್ಲಿ ನಾಲ್ಕು ಪೇಟೆ ಆಗಿದ್ದವು, ಅದೂ ತುಂಬು ಸೀಸನ್ನಿನ ನಾಲ್ಕು ಪೇಟೆ. ಕಡ್ಡಿಯನ್ನೇ ಎತ್ತಿಕೊಂಡು ಅಂಗಡಿಗೆ ಹೋದೆ. ಹೊಸ ಡಿಸ್ಕು ತರೋಕೆ ರಾಣೆಬೆನ್ನೂರಿಗೆ ಬೈಕ್ ಹೋಯ್ತು. ರಾತ್ರಿ ಹತ್ತಕ್ಕೆ ಮಾರ್ಚ್ 1ರವರೆಗಿನ ಲೆಕ್ಕ ಪರದೆ ಮೇಲೆ ಬಂತು. ಉಳಿದದ್ದು?

ಅಪ್ಪ ಮೂಲೆಯಿಂದ ಎದ್ದು ಬಂದರು. ಕಂಪ್ಯೂಟರ್ ಬಂದು ಇಷ್ಟು ವರ್ಷ ಆದ್ರೂ ಕಿರ್ದಿ ಬರೆಯೋದನ್ನ ಅವರು ಬಿಟ್ಟಿರಲಿಲ್ಲ. ಎರಡೆರಡು ಕೆಲಸ ಯಾಕೆ ಅಂತ ನಾನೇ ಎಷ್ಟೋ ಸಲ ನಕ್ಕಿದ್ದೆ. ಆ ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕ ತೆರೆದು ನನ್ನ ಪಕ್ಕ ಕೂತು, "ಬರಕೋ. ಸೋಮಾರ, ಎರಡನೇ ತಾರೀಕು" ಅಂತ ಶುರು ಮಾಡಿದರು. ಅವರು ಓದೋದು, ನಾನು ಹೊಡೆಯೋದು. ಎರಡು ರಾತ್ರಿ. ಒಂದೂ ಲಾಟ್ ತಪ್ಪಲಿಲ್ಲ. ಕೊನೆಗೆ ಕೂಡಿಸಿದಾಗ ನಲವತ್ತು ರೂಪಾಯಿ ವ್ಯತ್ಯಾಸ ಬಂತು. ನಾನು ಕಿರ್ದಿಯಲ್ಲೇ ತಪ್ಪಿರಬೇಕು ಅಂದೆ. ಅಪ್ಪ ಪೆನ್ಸಿಲ್ ಹಿಡಿದು ಹುಡುಕಿ, ಫೆಬ್ರವರಿಯಲ್ಲಿ ನಾನೇ ತಪ್ಪು ಹೊಡೆದಿದ್ದ ಹಮಾಲಿ ಲೆಕ್ಕ ತೋರಿಸಿದರು. ಏನೂ ಅನ್ನಲಿಲ್ಲ, ಕನ್ನಡಕದ ಮೇಲಿಂದ ನೋಡಿದರು ಅಷ್ಟೇ.

ಮನೆಗೆ ಬರುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅದರಾಗ ಎರಡ ಡಿಸ್ಕ್ ಅದಾವ ಅಂದೆಲ್ಲ, ಒಂದ ಕೆಟ್ಟರ ಇನ್ನೊಂದು ತಾನ ನಡಸ್ತೈತೇನು?" ಹೌದು ಅಂದೆ. "ಹಂಗಾರ ಶಾಣ್ಯಾ ಐತಿ" ಅಂದರು.

ಆಮೇಲಿನದು ನನಗೆ ತುಂಬಾ ಇಷ್ಟದ ದಿನಗಳು. ನಾನು ಅಪ್ಪನಿಗೆ ಹೇಳಿದ್ದೆ, ನಾನಿಲ್ಲದಾಗ, ಕರೆಂಟ್ ತೆಗೆದು, ಯಾವುದಾದ್ರೂ ಒಂದನ್ನ ಕೆಡಿಸಿಡಿ, ನಾನು ಬಂದು ಹುಡುಕ್ತೀನಿ. ಅಪ್ಪ ಇದನ್ನ ಗಂಭೀರವಾಗಿ ತಗೊಂಡರು! ಒಂದಿನ ನೆಟ್‌ವರ್ಕ್ ವೈರನ್ನು ಅರ್ಧ ಇಂಚು ಹೊರಗೆ ಎಳೆದಿಟ್ಟಿದ್ದರು, ನೋಡೋಕೆ ಸರಿಯಾಗಿಯೇ ಇತ್ತು. ಇನ್ನೊಂದಿನ ರೇಡಿನ ಒಂದು ಡಿಸ್ಕಿನ ಕೇಬಲ್ ಕಿತ್ತು, ನಾನು ಡಿಸ್ಕನ್ನು ಮತ್ತೆ ಸೇರಿಸಿ ಎರಡೂ ಸಮ ಆಗೋವರೆಗೆ ಪಕ್ಕದಲ್ಲೇ ಖುರ್ಚಿ ಹಾಕಿಕೊಂಡು, ಶೇಕಡಾವಾರು ಏರೋದನ್ನ ಕ್ರಿಕೆಟ್ ಸ್ಕೋರಿನ ಹಾಗೆ ನೋಡಿದರು. ಸಾಫ್ಟ್‌ವೇರ್ ಕೆಡಿಸೋಕೆ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಆದ್ರೆ ಅಪ್ಪನಷ್ಟು ಚೆನ್ನಾಗಿ ಕೆಡಿಸೋಕೆ ಅದಕ್ಕೆ ಬರ್ತಿರಲಿಲ್ಲ.

ಎರಡನೇ ಸಲದ ಶುಲ್ಕಕ್ಕೆ ಬೋರಮಾಳ ಹೋಯ್ತು. ಅಡಾ ಇಟ್ಟು ಬಂದವರು ಅಪ್ಪನೇ, ನನ್ನನ್ನ ಕೇಳಲೂ ಇಲ್ಲ. 2009ರ ಆಗಸ್ಟಿನಲ್ಲಿ ಹೋಗಿ, ಅರ್ಧ ಗಂಟೆ ಮೊದಲೇ ರೀಬೂಟ್ ಮಾಡಿ, ಎದ್ದು ಬರೋದನ್ನ ನೋಡಿ, ಇನ್ನೊಮ್ಮೆ ರೀಬೂಟ್ ಮಾಡಿ ಬಂದೆ. ಪಾಸಾಯ್ತು. ಬೆಂಗಳೂರಲ್ಲಿ ಕೆಲಸ ಸಿಕ್ಕಿ ಮುಂದಿನ ಯುಗಾದಿಯ ಹೊತ್ತಿಗೆ ಸರ ಅವ್ವನ ಕೊರಳಿಗೆ ವಾಪಸ್ ಬಂತು.

ನಾನು ಕಲಿತದ್ದರಲ್ಲಿ ಎಷ್ಟೋ ಈಗ ಇಲ್ಲ. ಸೆಂಟ್‌ಒಎಸ್ 8 2021ರ ಕೊನೆಗೆ, 7 2024ರ ಜೂನಿಗೆ ನಿಂತವು, ಆ ಜಾಗಕ್ಕೆ ರಾಕಿ, ಆಲ್ಮಾ ಬಂದಿವೆ. ಆರ್‌ಎಚ್‌ಸಿಇ ಪರೀಕ್ಷೆಯೇ ಬದಲಾಗಿ 2019ರಿಂದ ಆನ್ಸಿಬಲ್ ಮೇಲೆ ನಡೆಯುತ್ತೆ. ಗುಂಟೂರು ಒಂದು ಬೇಸಿಗೆಯಲ್ಲಿ ಸುಟ್ಟುಹೋಯ್ತು, ಚಾಚಾನೂ ಕೈಚೆಲ್ಲಿದರು. ಡಬ್ಬಿ ಗುಜರಿಗೆ ಹೋಯ್ತು. ಕಡ್ಡಿ ಮಾತ್ರ ಬ್ಯಾಡಗಿ ಮನೆಯ ಅಟ್ಟದ ಮೇಲೆ, ಅಪ್ಪನ ಕಿರ್ದಿ ಪುಸ್ತಕಗಳ ಗಂಟಿನ ಪಕ್ಕದಲ್ಲಿದೆ. ಮಾರೋಕೆ ಅಪ್ಪ ಬಿಟ್ಟಿಲ್ಲ.

ಅಕ್ಕನ ಮಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಲ್ಯಾಪ್‌ಟಾಪ್ ತಗೊಂಡನಂತೆ, ಐದು ವರ್ಚುವಲ್ ಮಶೀನ್ ಎದ್ದು ನಿಂತವಂತೆ. "ಆದ್ರ ಮಾಮಾ, ಅಜ್ಜಾ ಬಂದು ಇದ್ರಾಗ ಕೆಡಸಾಕ ವೈರ ಎಲ್ಲೈತಿ ಅಂತ ಕೇಳಾಕತ್ತಾನ" ಅಂದ. ಬರೋ ಭಾನುವಾರ ಊರಿಗೆ ಹೋಗ್ತಿದ್ದೀನಿ. ಸಿಆರ್2032 ಬ್ಯಾಟರಿ ಒಂದು ತಗೊಂಡಿದ್ದೀನಿ. ಕಡ್ಡಿಯನ್ನ ಈ ಸಲ ಅಂಗಳದಲ್ಲೇ ಬಿಚ್ಚಬೇಕು.